ಅಪ್ಪನ ನಿದ್ದೆಗೊಂದು ಸಾಫ್ಟ್‌ವೇರ್

ಮಗ್ಗ ಮಾರಿದ ಮೂರನೇ ದಿನ ಮಧ್ಯಾಹ್ನ ಅಪ್ಪ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದ. ಸಂಜೆ ನಾವು ಉಪ್ಪಿನ ಚಹಾ ಕುಡಿದೆವು. ನಾಲ್ಕನೇ ದಿನ "ಒಳಗ ಧೂಳ ಐತಿ" ಎಂದು ನನ್ನ ಹಾರ್ಮೋನಿಯಂ ಬಿಚ್ಚಿ, ಒರೆಸಿ, ಮತ್ತೆ ಜೋಡಿಸಿಟ್ಟ. ಅಂದಿನಿಂದ ಅದರ ಎರಡು ಸ್ವರಗಳು ಬಾಯಿ ಬಿಟ್ಟಿಲ್ಲ.

ಇದಕ್ಕೆಲ್ಲ ಮೂಲ ಅಪ್ಪನ ನಿದ್ದೆ. ಬನಹಟ್ಟಿಯ ನಮ್ಮ ಮನೆಯಲ್ಲಿ ನಡುಮನೆಗೆ ಹತ್ತಿದ ಕೋಣೆಯಲ್ಲೇ ಎರಡು ಪವರ್‌ಲೂಮ್ ಇದ್ದವು. ನಲವತ್ತು ವರ್ಷ ಅಪ್ಪ ಊಟ ಮುಗಿಸಿ, ಆ ಖಟಪಟದ ಪಕ್ಕದಲ್ಲೇ ಚಾಪೆ ಹಾಸಿ, ಎರಡು ತಾಸು ಸುಖವಾಗಿ ಗೊರಕೆ ಹೊಡೆದವನು. ಮೊಣಕಾಲು ಮಾತು ಕೇಳದಾದ ಮೇಲೆ ಮಗ್ಗಗಳನ್ನು ತೇರದಾಳದವರೊಬ್ಬರಿಗೆ ಕೊಟ್ಟುಬಿಟ್ಟ. ಮನೆ ತಣ್ಣಗಾಯಿತು, ಅಪ್ಪನ ಕಣ್ಣು ಮುಚ್ಚದಾಯಿತು. ಓಣಿಯ ಬೇರೆ ಮಗ್ಗಗಳ ಸದ್ದು ಗೋಡೆಯಾಚೆಯಿಂದ ಬರುತ್ತದಲ್ಲ ಎಂದರೆ, "ಮಂದಿ ಮನಿ ಜಗಳ ಕೇಳಿ ನಿದ್ದಿ ಬರ್ತೈತೇನು?" ಎಂದು ನನ್ನನ್ನೇ ಕೇಳಿದ.

ಐದನೇ ದಿನ ಅವ್ವ ಚೀಲ ಕಟ್ಟಿದಳು. ಅವಳ ತವರು ಬೀಳಗಿ. ಅಲ್ಲಿ ಈಗ ಇರುವುದು ಅತ್ತಿಗೆಯೊಬ್ಬಳೇ, ಇಬ್ಬರಿಗೂ ಮಾತು ನಿಂತು ವರ್ಷಗಳಾಗಿವೆ. ಅಂಥ ಮನೆಗೂ ಹೋಗಲು ತಯಾರಾದಳೆಂದರೆ ಪರಿಸ್ಥಿತಿ ಎಲ್ಲಿಗೆ ಬಂದಿತ್ತೆಂದು ನೀವೇ ಲೆಕ್ಕ ಹಾಕಿ. ನಾನು ಅವಳ ಹತ್ತಿರ ಒಂದು ವಾರದ ಗಡುವು ಬೇಡಿಕೊಂಡೆ. ಅಷ್ಟರೊಳಗೆ ಅಪ್ಪನನ್ನು ಮಲಗಿಸಬೇಕಿತ್ತು.

ನಾನು ಮುಧೋಳದ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತೇನೆ. ಬೇಸಿಗೆ ರಜೆ ನಡೆದಿತ್ತು. ಕಂಪ್ಯೂಟರಿನಲ್ಲಿ ಸಂಗೀತ ಮಾಡಬೇಕೆಂಬ ಹುಚ್ಚು ಆಗಷ್ಟೇ ಹತ್ತಿತ್ತು. ತಾಳಕ್ಕೆ ಬೇಕಾದೀತೆಂದು, ಮಗ್ಗ ಮಾರುವ ಮುಂಚೆ ಒಂದು ಮಧ್ಯಾಹ್ನ ಅದರ ಸದ್ದನ್ನು ಮೊಬೈಲಿನಲ್ಲಿ ಹಿಡಿದಿಟ್ಟಿದ್ದೆ. ಅಪ್ಪ ಮಲಗಿದ್ದ, ಅವ್ವ ಮಗ್ಗ ನೋಡುತ್ತಿದ್ದಳು. ಅದು ಕೆಲವೇ ನಿಮಿಷದ್ದು, ಅಪ್ಪನ ನಿದ್ದೆಗೆ ಬೇಕಾದದ್ದು ಎರಡು ತಾಸಿನ ಸದ್ದು. ಹೀಗೆ ಹಿಡಿದ ಸದ್ದನ್ನು ತುಂಡು ಮಾಡಿ, ಒಂದೊಂದು ಗುಂಡಿಗೆ ಕಟ್ಟಿ, ಒತ್ತಿದಾಗ ನುಡಿಯುವಂತೆ ಮಾಡುವುದಕ್ಕೆ ಸ್ಯಾಂಪ್ಲಿಂಗ್ ಅನ್ನುತ್ತಾರೆ. ಅದಕ್ಕೊಂದು ಸಾಫ್ಟ್‌ವೇರ್ ಬೇಕು. ಯಾವುದು ಎಂದು ಕೇಳಲು ಬಸ್ ಹತ್ತಿ ಜಮಖಂಡಿಗೆ ಹೋದೆ. ಅಲ್ಲಿ ನನ್ನ ಹಳೆಯ ಸಹಪಾಠಿಯೊಬ್ಬನ ಸ್ಟುಡಿಯೋ ಇದೆ. ಗೋಡೆಗೆಲ್ಲ ತತ್ತಿಯ ಟ್ರೇ ಬಡಿದ ಒಂದು ಖೋಲಿ ಅದು. ಪ್ರಚಾರದ ಆಟೋಗಳು ಊರ ತುಂಬ ಕೂಗಿಕೊಂಡು ಹೋಗುತ್ತವಲ್ಲ, ಆ ದನಿ ಇವನದೇ.

"ದೊಡ್ಡ ದೊಡ್ಡವರು ಇದನ್ನ ವಾಪರಸ್ತಾರ" ಎಂದು ಮೊದಲನೆಯದನ್ನು ತೋರಿಸಿದ. ಅದನ್ನು ಇಳಿಸಿಕೊಳ್ಳುವುದರಲ್ಲೇ ಒಂದು ದಿನ ಹೋಯಿತು. ಪರದೆಯ ತುಂಬ ತಿರುಗುಣಿಗಳು. ಸದ್ದನ್ನು ಎಲ್ಲಿ ಹಾಕಬೇಕೆಂದು ಹುಡುಕುತ್ತ ಇನ್ನೂ ಒಂದು ದಿನ ಕಳೆದೆ. ಲ್ಯಾಪ್‌ಟಾಪಿನ ಫ್ಯಾನು ಯಾವ ಪರಿ ಕಿರುಚತೊಡಗಿತೆಂದರೆ, ನಿದ್ದೆಯಿಲ್ಲದ ಅಪ್ಪ ಬಂದು ಬಗ್ಗಿ ನೋಡಿ, "ಮೋಟಾರಿಗೆ ಎಣ್ಣಿ ಬಿಟ್ಟಿಯೋ ಇಲ್ಲೋ?" ಅಂದ. ಅದನ್ನು ತೆಗೆದುಹಾಕಿದೆ.

ಎರಡನೆಯದು ಪುಕ್ಕಟೆ ಸಿಕ್ಕಿತು. ಬಹಳ ಜಾಣ. ನಾನು ಕೇಳುವ ಮೊದಲೇ ಸದ್ದನ್ನು ಅಳೆದು, ಕತ್ತರಿಸಿ, ಪ್ರತಿ ಪೆಟ್ಟನ್ನೂ ಗೆರೆಯ ಮೇಲೆ ಕೂರಿಸಿತು. ಗಣಿತದವಳಾದ ನನಗೆ ಖುಷಿಯೋ ಖುಷಿ. ನನ್ನ ಪಾಲಿನ ಜಾಣತನವನ್ನೂ ತೋರಿಸೋಣವೆಂದು, ಮಗ್ಗವಲ್ಲದ್ದನ್ನೆಲ್ಲ ಅಳಿಸಿ ಸ್ವಚ್ಛ ಮಾಡಿದೆ. ಅವ್ವನ ಬಳೆ, ಅವ್ವನ ಬೈಗುಳ, ಹಿತ್ತಲ ಆಡಿನ ಒದರಾಟ ಎಲ್ಲ ಹೋದವು. ನಾಲ್ಕು ಸೆಕೆಂಡಿನ ಅಪ್ಪಟ ಮಗ್ಗ ಉಳಿಯಿತು. ಅದನ್ನೇ ಸುತ್ತಿ ಸುತ್ತಿ ಬಾರಿಸುವಂತೆ ಮಾಡಿ ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿದೆ.

ಇಪ್ಪತ್ತು ನಿಮಿಷ ಅಪ್ಪ ತೊಲೆ ಎಣಿಸಿದ. ಆಮೇಲೆ ಎದ್ದು ಕೂತ.

"ಇದು ಯಾವ ಊರ ಮಗ್ಗ, ಯವ್ವಾ?"

"ನಮ್ಮದ ಅಪ್ಪಾ."

"ಸುಳ್ಳ. ಇಷ್ಟೊತ್ತಾತು, ಒಂದ ಎಳಿನೂ ಹರದಿಲ್ಲ. ಯಾರೋ ಖಾಲಿ ಮಗ್ಗ ಓಡಸಾಕತ್ತಾರ. ಎಳಿ ಯಾವಾಗ ಹರೀತೈತಿ ಅಂತ ಕಾಯಕೋಂತ ಬಿದ್ದರ ನಿದ್ದಿ ಹೆಂಗ ಬರಬೇಕು?"

ಖರೆ ಹೇಳುತ್ತೇನೆ, ಸಿಟ್ಟು ನೆತ್ತಿಗೇರಿತು. ಮೂರು ದಿನದ ದುಡಿಮೆ ನೀರಲ್ಲಿ ಹೋಯಿತು. ಆದರೆ ನೂಲಿನ ವಿಷಯದಲ್ಲಿ ಅಪ್ಪನ ಕಿವಿಯ ಜೊತೆ ವಾದಕ್ಕಿಳಿಯುವಷ್ಟು ದಡ್ಡಿ ನಾನಲ್ಲ. ಎಳೆ ಹರಿಯುವುದನ್ನೂ ಸೇರಿಸೋಣವೆಂದರೆ, ಆ ಜಾಣ ಸಾಫ್ಟ್‌ವೇರ್ ಹರಿದ ಎಳೆಯನ್ನೂ ತಾಳಕ್ಕೆ ಸರಿಯಾಗಿ ಹರಿಯುವಂತೆ ಮಾಡುತ್ತಿತ್ತು. ಅದಕ್ಕೂ ಕೈಮುಗಿದೆ.

ಮತ್ತೆ ಜಮಖಂಡಿಗೆ ಹೋದೆ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕು, ಮೂರನೆಯದನ್ನು ತೋರಿಸಿದ. "ಇದು ಸಣ್ಣ ಹುಡುಗರು ಆಡೂದು ನೋಡ. ಮಂದಿ ಮುಂದ ನಾ ಕೊಟ್ಟೇನಿ ಅಂತ ಹೇಳಬ್ಯಾಡ."

ಅದರಲ್ಲಿ ಇದ್ದದ್ದು ಹದಿನಾರು ಚೌಕ, ಅಷ್ಟೇ. ಚೌಕದಲ್ಲಿ ಏನು ಹಾಕುತ್ತೀರೋ ಅದನ್ನು ಹಾಕಿದ ಹಾಗೇ ನುಡಿಯುತ್ತದೆ. ಅಳೆಯುವುದಿಲ್ಲ, ತಿದ್ದುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಕಲಿಯಲು ಅರ್ಧ ತಾಸು ಸಾಕಾಯಿತು. ಹೊಸದಾಗಿ ಶುರು ಮಾಡುವವರು ಯಾರಾದರೂ ಈಗ ನನ್ನನ್ನು ಕೇಳಿದರೆ, ಕೇಳದೆ ತಿದ್ದುವ ಸಾಫ್ಟ್‌ವೇರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ ಅನ್ನುತ್ತೇನೆ. ಅಂಥ ಸಂಬಂಧಿಕರೇ ಎಲ್ಲರಿಗೂ ಸಾಕಷ್ಟು ಇರುತ್ತಾರೆ.

ಮೊಬೈಲಿನ ಮೂಲ ಸದ್ದನ್ನು ಮತ್ತೆ ತೆಗೆದೆ. ಒಂದು ಚೌಕಕ್ಕೆ ಓಡುವ ಮಗ್ಗ. ಒಂದಕ್ಕೆ ಎಳೆ ಹರಿದು ಮಗ್ಗ ನಿಲ್ಲುವುದು. ಒಂದಕ್ಕೆ ಅವ್ವ ಬಂದು ಗಂಟು ಹಾಕುವಾಗಿನ ಬಳೆ. ಏಳನೇ ಚೌಕಕ್ಕೆ ಅವ್ವನ ಮಾತು: "ಎಮ್ಮಿ ಬಿದ್ದಂಗ ಬಿದ್ದಾನ ನೋಡ, ಎಳಿ ಹರದರ ಇವಗೇನ!"

ಅದನ್ನು ಕೇಳಿ ಅವ್ವ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯ, ಅದನ್ನ ತಗಿಯ! ಎದ್ದಾಗ ಕೇಳಿದರ ಏನಂದಾರು?"

ತೆಗೆಯಲಿಲ್ಲ. ಗಡುವಿಗೆ ಇನ್ನೊಂದೇ ದಿನ ಉಳಿದಿತ್ತು. ಅಪ್ಪ ಮಲಗಿದ, ನಾನು ಪಕ್ಕದಲ್ಲಿ ಕೂತು ಚೌಕಗಳನ್ನು ಒತ್ತತೊಡಗಿದೆ. ಮಗ್ಗ ಓಡಿತು. ಸ್ವಲ್ಪ ಹೊತ್ತಿಗೆ ಎಳೆ ಹರಿಯಿತು. ಅಪ್ಪ ತಲೆ ಅರ್ಧ ಎತ್ತಿದ. ಬಳೆ ಸದ್ದಾಯಿತು, ತಲೆ ಇಳಿಯಿತು. ಏಳನೇ ಚೌಕ ಒತ್ತಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ "ಹೂಂ ಹೂಂ" ಅಂದ. ಮಗ್ಗ ಮತ್ತೆ ಶುರುವಾಗುವಷ್ಟರಲ್ಲಿ ಗೊರಕೆಯೂ ಶುರುವಾಗಿತ್ತು. ಅವಶ್ಯಕತೆ ಇರದಿದ್ದರೂ ಏಳನೇ ಚೌಕವನ್ನು ಇನ್ನೆರಡು ಸಲ ಒತ್ತಿದೆ.

ಮರುದಿನ ಅದನ್ನೆಲ್ಲ ಸೇರಿಸಿ ಎರಡು ತಾಸು ತಾನೇ ನಡೆಯುವಂತೆ ಮಾಡಿದೆ. ಮಧ್ಯಾಹ್ನ ಅಪ್ಪನ ಗೊರಕೆ ಶುರುವಾದ ಮೇಲೆ, ಗೆಲುವನ್ನು ಅವ್ವನ ಮುಂದೆ ಕೊಚ್ಚಿಕೊಳ್ಳೋಣವೆಂದು ಅಡುಗೆಮನೆಗೆ ಹೋದರೆ ಅವಳಿರಲಿಲ್ಲ. ಕಟ್ಟಿದ ಚೀಲ ಇದ್ದಲ್ಲೇ ಇತ್ತು. ಹಿತ್ತಲಲ್ಲೂ ಇರಲಿಲ್ಲ. ಕೊನೆಗೆ ಮಗ್ಗದ ಕೋಣೆಯಲ್ಲಿ ಸಿಕ್ಕಳು. ಮಗ್ಗದ ಕಾಲಿನ ಗುರುತು ಇನ್ನೂ ಹೋಗದ ನೆಲದ ಮೇಲೆ, ಮಡಿಸಿದ ಸೀರೆಯೊಂದನ್ನು ತಲೆಗಿಟ್ಟುಕೊಂಡು ಮಲಗಿದ್ದಳು.

ಅವ್ವ ಹಗಲು ಮಲಗಿದ್ದನ್ನು ನಾನು ನೋಡಿಯೇ ಇರಲಿಲ್ಲ. ಅಪ್ಪನ ಆ ಎರಡು ತಾಸು ನಲವತ್ತು ವರ್ಷವೂ ಅವಳು ಮಗ್ಗದ ಮುಂದೆ ನಿಂತ ಎರಡು ತಾಸು. ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸುವ ನಾನು ಈ ಲೆಕ್ಕವನ್ನು ಒಂದು ದಿನವೂ ಮಾಡಿರಲಿಲ್ಲ. ಸ್ವಚ್ಛ ಮಾಡಲು ಕೂತಾಗ ಮೊದಲು ಅಳಿಸಿದ್ದೂ ಇವಳನ್ನೇ. ನನಗೆ ನಾಚಿಕೆಯಾಯಿತು, ಬಾಗಿಲಲ್ಲೇ ನಿಂತೆ.

ಅಷ್ಟರಲ್ಲಿ ನಡುಮನೆಯ ಲ್ಯಾಪ್‌ಟಾಪಿನಲ್ಲಿ ಎಳೆ ಹರಿದು ಮಗ್ಗ ನಿಂತಿತು. ಅಪ್ಪ ಮಿಸುಕಲಿಲ್ಲ. ಅವ್ವ ಮಾತ್ರ ಥಟ್ಟನೆ ಕಣ್ಣು ಬಿಟ್ಟು, ಏಳಲು ನೆಲಕ್ಕೆ ಕೈಯೂರಿದಳು. ಆಗ ಅಲ್ಲಿಂದ ಬಳೆಯ ಸದ್ದು ಬಂತು. ಕೈಯೂರಿದಂತೆಯೇ ಒಂದು ಕ್ಷಣ ಆಲಿಸಿದಳು. ಬಾಗಿಲಲ್ಲಿದ್ದ ನನ್ನನ್ನು ನೋಡಿದಳು.

"ಅಕಿ ಅದಾಳಲ್ಲ, ನೋಡ್ಕೋತಾಳ ತಗೋ" ಎಂದು ಆ ಕಡೆ ಹೊರಳಿ ಮಲಗಿದಳು.