ಕಂಡಕ್ಟರಕ್ಕನ ಡಿಗ್ರಿ

ನನ್ನ ಹೆಂಡತಿ ಕಾಲೇಜಿಗೆ ಸೇರಿದಾಗ ಅವಳಿಗೆ ನಲವತ್ತು ಹತ್ತಿರವಾಗಿತ್ತು. ಅಲ್ಲಿಯವರೆಗೆ ಅವಳು ಬಸ್ ಕಂಡಕ್ಟರ್, ನಾನು ಡ್ರೈವರ್. ಮದುವೆಗೆ ಮುಂಚೆ ಇಬ್ಬರೂ ಒಂದೇ ರೂಟಿನ ಒಂದೇ ಬಸ್ಸಿನಲ್ಲಿದ್ದೆವು. ಅವಳು ವಿಷಲ್ ಊದುವ ರೀತಿಯಿಂದಲೇ ಹಿಂದೆ ಯಾರ ಜೊತೆ ಜಗಳ ನಡೆದಿದೆ ಎಂದು ನನಗೆ ಗೊತ್ತಾಗುತ್ತಿತ್ತು.

ನಿಂತು ನಿಂತು ಅವಳ ಮಂಡಿ ಸವೆದವು. ಡಿಪೋದವರು ಪಾಪ ಅಂತ ಕಚೇರಿಯೊಳಗೆ ಕುರ್ಚಿ ಕೊಟ್ಟರು. ಕಿಟಕಿಯಿಲ್ಲದ ಕೋಣೆ, ಮಾತಾಡಲು ಒಂದು ನರಪಿಳ್ಳೆಯೂ ಇಲ್ಲ. ಇಡೀ ಬಸ್ಸಿನ ಜೊತೆ ಮಾತಾಡಿದ್ದವಳು ಬಾಡಿಹೋದಳು. ಒಂದು ಸಂಜೆ ನಾನು ಶೂ ಬಿಚ್ಚುತ್ತಿದ್ದಾಗ ಬಂದು ನಿಂತು, "ರೀ, ನಾನು ಓದ್ತೀನಿ" ಎಂದಳು.

"ಓದು, ಯಾರು ಬೇಡ ಅಂದ್ರು? ಪೇಪರ್ ಅಲ್ಲೇ ಇದೆ."

"ಪೇಪರ್ ಅಲ್ಲ. ಡಿಪೋ ಕೆಲಸ ಬಿಟ್ಟು ಕಾಲೇಜಿಗೆ ಹೋಗ್ತೀನಿ. ಸಮಾಜಕಾರ್ಯದಲ್ಲಿ ಡಿಗ್ರಿ ಮಾಡ್ತೀನಿ."

ಇದೇ ಯಾಕೆ ಎಂದು ಕೇಳಿದೆ. ಆಗ ಅವಳು ಹೇಳಿದ್ದು, ಅಷ್ಟು ವರ್ಷ ಜೊತೆಗಿದ್ದೂ ನನಗೆ ಗೊತ್ತಿರದ ಸಂಗತಿ. ಅವಳ ಬಸ್ಸಿಗೆ ಒಬ್ಬ ಹೆಂಗಸು ಆಗಾಗ ಹತ್ತುತ್ತಿದ್ದಳಂತೆ. ಕೊನೇ ಸ್ಟಾಪಿನವರೆಗೂ ಹೋಗಿ, ಇಳಿಯದೆ ಅದೇ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದಳು. ಕೈಮೇಲೆ ಬಾಸುಂಡೆಗಳಿರುತ್ತಿದ್ದವು. ಆಮೇಲೆ ಬರುವುದನ್ನೇ ನಿಲ್ಲಿಸಿದಳು. "ಏನಾಯ್ತಮ್ಮಾ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಹೇಗೆ ಕೇಳೋದು ಅಂತಾನೇ ಗೊತ್ತಿರಲಿಲ್ಲ" ಎಂದಳು. ಮರುದಿನ ಕಾಲೇಜಿನ ಅರ್ಜಿ ನಾನೇ ತಂದುಕೊಟ್ಟೆ.

ಮೊದಲ ದಿನ ಅವಳು ತರಗತಿಗೆ ಕಾಲಿಟ್ಟಾಗ ಮೇಡಂ ಬಂದರೆಂದು ಮಕ್ಕಳೆಲ್ಲ ಎದ್ದು ನಿಂತರಂತೆ. "ಬಾಗಿಲಲ್ಲಿ ಗುಂಪು ಕಟ್ಟಬೇಡಿ, ಒಳಗೆ ಹೋಗಿ, ಹಿಂದೆ ಜಾಗ ಇದೆ" ಎಂದು ಇವಳು ಅಭ್ಯಾಸಬಲದಿಂದ ಅಂದದ್ದೇ ತಡ, ಗುಟ್ಟು ರಟ್ಟಾಯಿತು. ಸಂಜೆಯೊಳಗೆ ಅವಳು ಕಂಡಕ್ಟರಕ್ಕ ಆಗಿದ್ದಳು.

ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವ ಕೆಲಸ ನನ್ನದಾಯಿತು. ಅವಳು ಹಿಟ್ಟು ಕಲಸುತ್ತಾ ಉತ್ತರ ಹೇಳುವಳು, ನಾನು ಪುಸ್ತಕ ಹಿಡಿದು ತಪ್ಪು ಹಿಡಿಯುವವನು. ಸಮುದಾಯ ಸಂಘಟನೆಯ ಹಂತಗಳು ಅವಳಿಗಿಂತ ಮೊದಲು ನನಗೆ ಬಾಯಿಪಾಠವಾದವು. ಸಿಗ್ನಲ್ಲಿನಲ್ಲಿ ಬಸ್ ನಿಲ್ಲಿಸಿಕೊಂಡು ಅವನ್ನೇ ಗೊಣಗುತ್ತಿದ್ದೆ. ಡ್ರೈವರಿಗೆ ಏನೋ ಆಗಿದೆ ಎಂದು ಮುಂದಿನ ಸೀಟಿನವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಎರಡನೇ ವರ್ಷ ಫೀಲ್ಡ್ ವರ್ಕಿಗೆ ಅವಳನ್ನು ಆಸ್ಪತ್ರೆಯ ಪುನರ್ವಸತಿ ವಾರ್ಡಿಗೆ ಹಾಕಿದರು. ಅಲ್ಲಿ ಅವಳ ಪಾಲಿಗೆ ಬಂದವನು ಒಬ್ಬ ವಯಸ್ಸಾದ ಕ್ಷೌರಿಕ. ವಾರ್ಡಿನವರ ಬಾಯಲ್ಲಿ ಕಟಿಂಗ್ ಮಾಮ. ಪಾರ್ಶ್ವವಾಯು ಹೊಡೆದು ಬಲಗೈ ಬಿದ್ದುಹೋಗಿತ್ತು, ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಯಾರ ಜೊತೆಯೂ ಮಾತಿಲ್ಲ. ನೋಡಲು ಬರುವವರೂ ಇಲ್ಲ.

ನಮ್ಮವಳು ಸುಮ್ಮನಿರುತ್ತಾಳೆಯೇ? ಹೋದಾಗಲೆಲ್ಲ ಧೈರ್ಯ ಹೇಳಿದಳು, ಬುದ್ಧಿ ಹೇಳಿದಳು, ವ್ಯಾಯಾಮ ಮಾಡಿ ಎಂದು ಗದರಿದಳು. ಅವನಿಗೊಬ್ಬ ತಮ್ಮನಿದ್ದಾನೆಂದು ಯಾರೋ ಹೇಳಿದ್ದೇ ಸಾಕಾಯಿತು. ಬಸ್ಸಿನ ಕಾಲದ ಪರಿಚಯದವರನ್ನೆಲ್ಲ ಕೇಳಿ, ವೆಲ್ಡಿಂಗ್ ಅಂಗಡಿಯಿಟ್ಟಿದ್ದ ಆ ತಮ್ಮನನ್ನು ಪತ್ತೆ ಹಚ್ಚಿ, ಕೈ ಹಿಡಿದೆಳೆಯುವುದೊಂದು ಬಾಕಿ ಎನ್ನುವಂತೆ ವಾರ್ಡಿಗೆ ಕರೆತಂದಳು. ತಮ್ಮನನ್ನು ಕಂಡ ಮುದುಕ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ. ಅಣ್ಣಾ ಎಂದು ಎಷ್ಟು ಕರೆದರೂ ತಿರುಗಲಿಲ್ಲ. ತಮ್ಮ, ತಾನು ಬರಬಾರದಿತ್ತು ಎಂದು ಹೇಳಿ ಹೊರಟುಹೋದ.

ಆ ಸಂಜೆ ಅವಳು ನನ್ನ ಬಸ್ಸಿಗೇ ಹತ್ತಿ ನನ್ನ ಹಿಂದಿನ ಸೀಟಿನಲ್ಲಿ ಕೂತಳು. ಕನ್ನಡಿಯಲ್ಲಿ ನೋಡಿದರೆ ಕಣ್ಣೊರೆಸಿಕೊಳ್ಳುತ್ತಿದ್ದಳು.

ಫೀಲ್ಡ್ ವರ್ಕ್ ನೋಡಿಕೊಳ್ಳುತ್ತಿದ್ದ ಮೇಡಂ ಅವಳಿಗಿಂತ ಚಿಕ್ಕವರು, ಮಾತು ಅಳೆದೂ ತೂಗಿ ಆಡುವವರು. ವಾರದ ವರದಿ ಓದಿ ಅವಳನ್ನು ಕರೆಸಿದರು. ಅಲ್ಲಿ ನಡೆದ ಮಾತನ್ನು ಅವಳು ಎಷ್ಟು ಸಲ ಹೇಳಿದ್ದಾಳೆಂದರೆ ನಾನೇ ಅಲ್ಲಿದ್ದಂತಿದೆ.

"ನಾನು ಹೇಳಿದೆ, ನಾನು ಕೇಳಿದೆ, ನಾನು ಕರೆದುಕೊಂಡು ಬಂದೆ ಅಂತ ಬರೆದಿದ್ದೀರಿ. ಅವರು ಏನಂದ್ರು ಅಂತ ಎಲ್ಲೂ ಇಲ್ಲವಲ್ಲ?"

"ಅವರು ಮಾತೇ ಆಡಲ್ಲ ಮೇಡಂ."

"ಆಡೋಕೆ ನೀವು ಜಾಗ ಬಿಟ್ಟಿದ್ರಾ?"

ಮನೆಗೆ ಬಂದವಳು ಕಿಡಿಕಿಡಿಯಾಗಿದ್ದಳು. ತುಂಬಿದ ಬಸ್ಸಿನಲ್ಲಿ ಊರಿಗೆಲ್ಲ ಜಾಗ ಮಾಡಿಕೊಟ್ಟವಳಿಗೆ ಜಾಗ ಬಿಟ್ಟಿದ್ರಾ ಅಂತ ಕೇಳುತ್ತಾರಲ್ಲ, ಈ ಓದೂ ಬೇಡ ಏನೂ ಬೇಡ ಎಂದಳು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತಾ, "ಬಿಟ್ಟಿರಲಿಲ್ಲ ಕಣ್ರೀ" ಎಂದಳು.

ಮುಂದಿನ ವಾರ ಮುದುಕನ ಹತ್ತಿರ ಹೋಗಿ, ನಿಮ್ಮನ್ನು ಕೇಳದೆ ಕರೆತಂದದ್ದು ನನ್ನ ತಪ್ಪು, ಕ್ಷಮಿಸಿ ಎಂದಳು. ಅವನು ತಿರುಗಿಯೂ ನೋಡಲಿಲ್ಲ. ಅವಳು ಸ್ಟೂಲ್ ಎಳೆದುಕೊಂಡು ಸುಮ್ಮನೆ ಕೂತಳು. ಆಮೇಲಿನ ವಾರಗಳಲ್ಲೂ ಅಷ್ಟೇ. ಮಾತಾಡಲು ನಾಲಿಗೆ ತುರಿಸುತ್ತಿತ್ತಂತೆ. ಮನೆಯಲ್ಲೂ ಅಭ್ಯಾಸ ಶುರುವಾಯಿತು. ನಾನು ಏನು ಹೇಳಿದರೂ ತಲೆಯಾಡಿಸುತ್ತಾ ಕೇಳಿಸಿಕೊಳ್ಳತೊಡಗಿದಳು. ನನಗೆ ಭಯವಾಯಿತು, ಏನು ತಪ್ಪು ಮಾಡಿದ್ದೇನೋ ಎಂದು.

ಒಂದು ದಿನ ಮುದುಕ ಬಾಯಿಬಿಟ್ಟ. "ಕನ್ನಡಿ" ಎಂದ.

ಓಡಿಹೋಗಿ ತರಲು ಅರ್ಧ ಎದ್ದಿದ್ದಳಂತೆ. ಮತ್ತೆ ಕೂತು, ಯಾಕೆ ಬೇಕು ಹೇಳುತ್ತೀರಾ ಎಂದು ಕೇಳಿದಳು. ಸೊಟ್ಟಬಾಯಿಯಲ್ಲಿ ಒಂದೊಂದೇ ಮಾತು ಬಂತು. "ಊರಿನ ಗಡ್ಡ ಎಲ್ಲಾ ನಾನೇ ಮಾಡಿದೆ ಕಣಮ್ಮ. ಇಲ್ಲಿ ಗೋಡೆ ಕೆರೆದ ಹಾಗೆ ನನ್ನ ಮುಖ ಕೆರೀತಾರೆ. ಜೊಲ್ಲು ಸುರೀತಿರೋ ಈ ಮುಖ ನನ್ನ ತಮ್ಮ ನೋಡಿಬಿಟ್ಟ."

ಅದು ತಮ್ಮನ ಮೇಲಿನ ಸಿಟ್ಟಲ್ಲ, ನಾಚಿಕೆ ಎಂದು ಆಗ ಅವಳಿಗೆ ತಿಳಿಯಿತು.

ತನ್ನ ಗಡ್ಡ ತಾನೇ ಮಾಡಿಕೊಳ್ಳಬೇಕು, ಅದೂ ಎಡಗೈಯಲ್ಲಿ, ಇಷ್ಟೇ ಅವನಿಗೆ ಬೇಕಿದ್ದದ್ದು. ಕಸುಬು ಕಲಿಯುವಾಗ ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಅದು ಒಡೆಯದ ಹಾಗೆ ಕ್ಷೌರ ಮಾಡುತ್ತಿದ್ದನಂತೆ. ಮತ್ತೆ ಅಲ್ಲಿಂದಲೇ ಶುರು ಮಾಡುತ್ತೇನೆ ಎಂದ. ವ್ಯಾಯಾಮ ಮಾಡಿಸುವವರೂ ಒಪ್ಪಿದರು. ಮೊದಲ ಬಲೂನು ಢಮ್ ಎಂದಾಗ ಇಡೀ ವಾರ್ಡು ಬೆಚ್ಚಿಬಿತ್ತು. ಮುದುಕ ನಕ್ಕ. ಅವನ ನಗು ಅಲ್ಲಿ ಯಾರೂ ಕೇಳಿರಲಿಲ್ಲ.

ಕೆಲವು ತಿಂಗಳಲ್ಲಿ ಅವನ ಮುಖ ಅವನೇ ನುಣ್ಣಗೆ ಮಾಡಿಕೊಂಡ. ಇನ್ನು ಬೇರೆಯವರ ಮುಖ ಬೇಕು ಎಂದ. ಆ ಮುಖ ನನ್ನದಾಯಿತು. ರಜೆಯ ದಿನ ಹೋಗಿ ಅವನ ಮುಂದೆ ಗಲ್ಲ ಎತ್ತಿ ಕೂತೆ. ಕತ್ತಿ ಹಿಡಿದ ಎಡಗೈ ಹತ್ತಿರ ಬಂತು. ಪ್ರಾಣ ಮುಷ್ಟಿಯಲ್ಲಿ ಹಿಡಿದಿದ್ದೆ. ಗಲ್ಲದ ಕೆಳಗೆ ಸಣ್ಣದೊಂದು ಗಾಯವಾಯಿತು, ಅಷ್ಟೇ. ನನ್ನ ಹೆಂಡತಿ ಕೈ ಹಿಂದೆ ಕಟ್ಟಿಕೊಂಡು ಮೂಲೆಯಲ್ಲಿ ನಿಂತಿದ್ದಳು, ತುಟಿಪಿಟಕ್ಕೆನ್ನಲಿಲ್ಲ.

ಟವೆಲ್ಲಿನಿಂದ ನನ್ನ ಮುಖ ಒರೆಸುತ್ತಾ ಮುದುಕ ಅವಳಿಗೆ ಹೇಳಿದ: "ನನ್ನ ತಮ್ಮನಿಗೆ ಹೇಳಿ ಕಳಿಸಮ್ಮ. ಬರಲಿ."

ತಮ್ಮ ಬಂದ. ಆಮೇಲೆ ಅಣ್ಣನನ್ನು ಮನೆಗೂ ಕರೆದುಕೊಂಡು ಹೋದ. ವೆಲ್ಡಿಂಗ್ ಅಂಗಡಿಯ ಪಕ್ಕದಲ್ಲೇ ಒಂದು ಕುರ್ಚಿ, ಒಂದು ಕನ್ನಡಿ ಹಾಕಿ ಮುದುಕ ಕೊನೆಯವರೆಗೂ ಎಡಗೈಯಲ್ಲಿ ಕೆಲಸ ಮಾಡಿದ. ಬಂದ ಗಿರಾಕಿಗಳಿಗೆಲ್ಲ ಈ ಕಥೆಯನ್ನು ಅವನೇ ಹೇಳುತ್ತಿದ್ದ. ಹಾಗಾಗಿಯೇ ನಾನೂ ಹೇಳುತ್ತಿದ್ದೇನೆ.

ಅವಳು ಸೆಕೆಂಡ್ ಕ್ಲಾಸಿನಲ್ಲಿ ಪಾಸಾದಳು. ಪದವಿಯ ದಿನ ಅವಳ ಹೆಸರು ಕರೆದಾಗ ಹುಡುಗ ಹುಡುಗಿಯರು ಎದ್ದು ನಿಂತು ವಿಷಲ್ ಹೊಡೆದರು. ಮುಂದೆ ಅದೇ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ, ಮೊನ್ನೆ ಮೊನ್ನೆ ನಿವೃತ್ತಳಾದಳು.

ಅವಳ ಕೆಲಸದ ಬಗ್ಗೆ ನನಗೆ ಹೆಮ್ಮೆ ಇದೆ. ಆದರೂ ನನ್ನ ಮನಸ್ಸು ಹೋಗುವುದು ಅವಳು ಓದುತ್ತಾ ನನಗೆ ಎಲ್ಲವನ್ನೂ ಹೇಳುತ್ತಿದ್ದ ಆ ಮೂರು ವರ್ಷಗಳಿಗೇ. ಕೆಲಸಕ್ಕೆ ಸೇರಿದ ದಿನವೇ ಅವಳು, "ಅಲ್ಲಿಯವರ ವಿಷಯ ಇನ್ಮೇಲೆ ಮನೇಲಿ ಹೇಳೋ ಹಾಗಿಲ್ಲ ರೀ, ಬೇಜಾರು ಮಾಡ್ಕೋಬೇಡಿ" ಎಂದುಬಿಟ್ಟಳು. ಹೇಳಲೂ ಇಲ್ಲ. ಎಷ್ಟೋ ಸಂಜೆ ಮುಖ ಬಾಡಿಸಿಕೊಂಡು ಬಂದು ಕೂರುತ್ತಿದ್ದಳು. ನಾನು ಏನೂ ಕೇಳದೆ ಕಾಫಿ ಮಾಡಿ ತಂದು ಅವಳ ಪಕ್ಕದಲ್ಲಿ ಕೂರುತ್ತಿದ್ದೆ.