ಎಸ್ ಇರೋ ಶಬ್ದ ಒದರು

ಬನಹಟ್ಟಿಯೊಳಗ ನಮ್ಮದು ಮಗ್ಗದ ಮನಿ. ಪಡಸಾಲ್ಯಾಗ ನಾಕು ಕರೆಂಟಿನ ಮಗ್ಗ, ಅವುಗಳ ಹಿಂದ ಗ್ವಾಡಿಗೆ ಹತ್ತಿಕೊಂಡು ಕಂಡಿಕಿ ಸುತ್ತೋ ಮಷಿನ್. ಕಂಡಿಕಿ ಅಂದ್ರ ಲಾಳ್ಯಾಗ ಹಾಕೋ ಸಣ್ಣ ಕೋಲು, ಅದಕ್ಕ ನೂಲು ಸುತ್ತಬೇಕು. ಸಾಲಿ ಬಿಟ್ಟು ಬಂದಮ್ಯಾಲ ಅದು ನನ್ನ ಕೆಲಸ. ಅಪ್ಪ ನೂಲು ತರಾಕ, ಸೀರಿ ಕೊಡಾಕ ಅಂತ ಹೊರಗಿನ ತಿರುಗಾಟದಾಗ ಇರಾಂವ. ಮಗ್ಗದ ಮುಂದ ಅವ್ವ, ಮಗ್ಗದ ಹಿಂದ ನಾನು. ಒಬ್ಬರ ಮುಖ ಒಬ್ಬರಿಗೆ ಕಾಣತಿರಲಿಲ್ಲ.

ಅವ್ವಗ ಅದೇ ಅಂಜಿಕಿ. ಯಾಕಂದ್ರ ನಮ್ಮ ಓಣ್ಯಾಗ ಒಬ್ಬ ಹುಡುಗಿ, ನನಗಿಂತ ಸ್ವಲ್ಪ ದೊಡ್ಡಾಕಿ, ಕಂಡಿಕಿ ಸುತ್ತಕೋತ ತೂಕಡಿಸಿ ಮುಂದ ಬಗ್ಗಿದ್ಲು. ಜಡಿ ಮಷಿನ್ ತಿರುಗಸೋ ಪಟ್ಟಾದಾಗ ಸಿಕ್ತು. ಜೀವ ಉಳೀತು, ತಲಿ ಮ್ಯಾಲಿನ ಚರ್ಮ ಉಳೀಲಿಲ್ಲ. ಆಕೀನ್ನ ನೋಡಿ ಬಂದ ದಿನ ಅವ್ವ ಊಟ ಮಾಡಲಿಲ್ಲ. ನನ್ನ ಜಡಿ ಬಿಚ್ಚಿ, ತುರುಬು ಕಟ್ಟಿ, ಮ್ಯಾಲ ಅರಿವಿ ಸುತ್ತಿದ್ಲು. ಅಷ್ಟು ಮಾಡಿದ್ರೂ ಆಕೀಗೆ ಸಮಾಧಾನ ಆಗಲಿಲ್ಲ.

ನಾ ಆವಾಗ ಐದನೇ ಕ್ಲಾಸು, ಸಾಲ್ಯಾಗ ಇಂಗ್ಲೀಷ್ ಹೊಸದಾಗಿ ಸುರು ಆಗಿತ್ತು. ಅದನ್ನ ಕಲಸೋ ಅಕ್ಕೋರು ಒಂದು ಆಟ ಆಡಸ್ತಿದ್ರು. ಬೋರ್ಡಿನ ಮ್ಯಾಲ ಒಂದು ಅಕ್ಷರ ಬರೀತಿದ್ರು, ಅದು ಇರೋ ಶಬ್ದ ಒಬ್ಬೊಬ್ಬರು ಹೇಳಬೇಕು. ಹೇಳಿದ್ದನ್ನ ಮತ್ತ ಹೇಳಿದ್ರ ಔಟ್. ನಾ ಮನಿಗೆ ಬಂದು ಈ ಸುದ್ದಿ ಹೇಳಿದ್ದ ತಡ, ಅವ್ವ, "ಇದು ಛಲೋ ಐತಿ ನೋಡು! ಕಂಡಿಕಿ ಸುತ್ತೂ ಮುಂದ ಇದನ್ನ ಆಡು. ಒದರಿ ಆಡು. ನಿನ್ನ ದನಿ ನಿಂತ್ರ ನೀ ತೂಕಡಸಾಕತ್ತಿ ಅಂತ ತಿಳೀತೇನಿ," ಅಂದ್ಲು.

ಅಕ್ಷರಾನೂ ಆಕೀನ ಆರಿಸಿದ್ಲು. ಎಸ್. ಉಳಿದ ಸಪ್ಪಳ ಎಲ್ಲಾ ಮಗ್ಗ ನುಂಗತೈತಿ, ಸ ಅನ್ನೂದು ಒಂದೇ ಸೀಟಿ ಹೊಡದಂಗ ಪಾರಾಗಿ ಬರತೈತಿ ಅಂತ ಆಕೀ ಲೆಕ್ಕ. ಇಂಗ್ಲೀಷಿನ ಗಂಧಗಾಳಿ ಗೊತ್ತಿರಲಿಲ್ಲ, ಆದ್ರ ಕಿವಿ ಭಾಳ ಚುರುಕು. "ಬಸ್" ಅಂತ ಎರಡನೇ ಸಲ ಅಂದ್ರ ಸಾಕು, "ಅದು ಆತು! ನಿದ್ದಿಗಣ್ಣಾಗ ಬಡಬಡಿಸಾಕತ್ತಿ ಏನು?" ಅಂತ ಆ ಕಡಿಂದ ಗದರಿಕಿ. ಶುಗರ್ ಅಂದ್ರ ಒಪ್ಪಲಿಲ್ಲ. "ಸ ಎಲ್ಲೈತಿ ಅದರಾಗ?" ಸುತ್ತಮುತ್ತ ಕಬ್ಬು, ಮುಧೋಳದ ಕಡೆ ಹೋದ್ರ ಸಕ್ಕರಿ ಫ್ಯಾಕ್ಟರಿ, ಅಂಥಾ ಸೀಮ್ಯಾಗ ನನಗ ಶುಗರ್ ದಕ್ಕಲಿಲ್ಲ ನೋಡ್ರಿ! ರೈಸ್ ಅಂದ್ರ ಮಾತ್ರ "ಹ್ಞೂಂ, ಮುಂದ." ಅದನ್ನ ಸಾಲ್ಯಾಗ ಹೇಳಿ ಬೆಂಚಿನ ಮ್ಯಾಲ ನಿಂತ್ನಿ, ಯಾಕಂದ್ರ ರೈಸಿನ್ಯಾಗ ಎಸ್ ಇಲ್ಲ.

ನಗೂದು ಈಗ. ಆವಾಗ ಕರೆಂಟ್ ಬಂತಂದ್ರ ನನಗ ಅಂಜಿಕಿ ಬಂತು. ಹೌಸ್, ಗ್ಲಾಸ್, ಪೆನ್ಸಿಲ್, ಸಿಸ್ಟರ್... ಗೊತ್ತಿದ್ದ ಶಬ್ದ ನೋಡನೋಡತಾ ಖಾಲಿ. ಕೈ ನೂಲಿನ ಮ್ಯಾಲ, ತಲಿ ಪಾಠದ ಪುಸ್ತಕದಾಗ. ಯಾವಾಗ ಬಾಯಿ ಬಂದ್ ಆಗತೈತೋ, ಯಾವಾಗ ಅವ್ವ ಚೀರತಾಳೋ ಅಂತ ಜೀವ ಕೈಯಾಗ ಹಿಡಕೊಂಡು ಕೂಡತಿದ್ನಿ.

ಸಾಲಿ ಸೂಟಿ ಇದ್ದ ಒಂದು ಮಧ್ಯಾಹ್ನ ಬಾಯಿ ಬಂದ್ ಆತು. ನಿದ್ದಿ ಅಲ್ಲ, ದೇವರಾಣಿ ನಿದ್ದಿ ಅಲ್ಲ. ಅಕ್ಕೋರು ಹೇಳಿಕೊಟ್ಟಿದ್ದ ಹೊಸ ಶಬ್ದ ಒಂದು ನಾಲಿಗಿ ತುದಿಗೆ ಬಂದು ಹೊರಗ ಬರವಲ್ದಾಗಿತ್ತು. ಕಣ್ಣು ಮುಚ್ಚಿ ಅದನ್ನ ಹುಡುಕಾಕತ್ತಿದ್ನಿ. ಅವ್ವ ನನ್ನ ಹೆಸರು ಹಿಡದು ಕೂಗಿದ್ಲಂತ, ನನಗ ಕೇಳಲಿಲ್ಲ. ಕೇಳಿದ್ದು ಪರ್ರ್ ಅಂತ ಅರಿವಿ ಹರದ ಸಪ್ಪಳ, ಅದರ ಹಿಂದ ಆಕೀ ಚೀರಿದ್ದು.

ಮಗ್ಗ ಬಂದ್ ಮಾಡಲಾರದ ಓಡಿ ಬಂದಿದ್ಲು. ಎರಡು ಮಗ್ಗದ ನಡುವಿನ ಇಕ್ಕಟ್ಟಿನ್ಯಾಗ ಸೆರಗು ಪಟ್ಟಾಕ ಸಿಕ್ಕಿತ್ತು. ನಾ ಎದ್ದು ನೋಡಿದ್ರ ಅರ್ಧ ಸೀರಿ ಪಟ್ಟಾದ ಕೂಡ ತಿರುಗಾಕತ್ತಿತ್ತು, ಅವ್ವ ಗ್ವಾಡಿ ಹಿಡಕೊಂಡು ನಿಂತಿದ್ಲು, ಕುತ್ತಿಗಿ ಮ್ಯಾಲ ಕೆಂಪು ಬರಿ. ಹಳೀ ಸೀರಿ, ಒಗದು ಒಗದು ಜಾಳಾಗಿತ್ತು, ಅದಕ್ಕ ಹರೀತು. ದಿನಾ ಹೊಸ ಸೀರಿ ನೇಯೋ ಅವ್ವ ಅವತ್ತು ಹೊಸಾದೊಂದು ಉಟ್ಟಿದ್ರ... ಬ್ಯಾಡ, ಅದನ್ನ ಪೂರ್ತಿ ಅನ್ನಾಕ ನನಗ ಈಗೂ ಬಾಯಿ ಬರೂದಿಲ್ಲ.

ಮೋಟಾರ್ ಬಂದ್ ಮಾಡಿದಾಕಿ ತನ್ನ ಕುತ್ತಿಗಿ ಮುಟ್ಟಿ ಸುದ್ದಾ ನೋಡಕೊಳ್ಳಲಿಲ್ಲ. ನನ್ನ ತಲಿ ಎರಡೂ ಕೈಲೆ ಹಿಡದು, ಅರಿವಿ ಬಿಚ್ಚಿ, ಕೂದಲ ಸಂದ್ಯಾಗ ಬೆರಳಾಡಿಸಿ ನೋಡಿದ್ಲು. ಆಮ್ಯಾಲ ಕಪಾಳಕ್ಕ ಒಂದು ಬಿಟ್ಲು.

"ಯಾಕಬೇ ಸುಮ್ಮಾದಿ?"

"ಶಬ್ದ ಹುಡುಕಾಕತ್ತಿದ್ನಿ ಬೇ ಯವ್ವಾ."

"ಹುಡುಕೂದಾದ್ರ ಒದರಿ ಹುಡುಕು! ಬಾಯಿಗೆ ಏನ್ ಬರತೈತಿ ಅದನ್ನ ಒದರು!" ಅಂತ ಬೈದು, ನನ್ನ ಅವಚಿಕೊಂಡು ಅತ್ಲು.

ಅಳಕೋತ ಕುಂತ್ರ ನಡೀಬೇಕಲ್ಲ. ಕರೆಂಟ್ ಇದ್ದಾಗ ಮಗ್ಗ ಖಾಲಿ ಬಿಡಾಕ ಆಗತೈತೇನು ಅಂತ ಬ್ಯಾರೆ ಸೀರಿ ಸುತ್ತಕೊಂಡು ಮತ್ತ ಹೊಂಟ್ಲು. ನಾ ಆಕೀ ಕೈ ಬಿಡಲಿಲ್ಲ. "ನೀನೂ ಒದರಬೇಕು," ಅಂದ್ನಿ.

"ನನಗೆಲ್ಲಿ ಇಂಗ್ಲೀಷ್ ಬರತೈತಿ?"

"ನಾ ಅಂದದ್ದನ್ನ ತಿರುಗಿ ಅನ್ನು."

"ಹುಚ್ಚಿ ಅದಿ," ಅಂದು ಕೈ ಬಿಡಿಸಿಕೊಂಡು ಹೋದ್ಲು.

ಮಗ್ಗ ಸುರು ಆದುವು. ನಾ ಮಷಿನ್ ಮುಟ್ಟಲಿಲ್ಲ. "ಹೌಸ್" ಅಂತ ಒದರಿದ್ನಿ. ಖಟಖಟ, ಖಟಖಟ. ಏನೂ ಬರಲಿಲ್ಲ. ಮತ್ತೊಮ್ಮೆ ಒದರಿದ್ನಿ. ಓಡಬೇಕಂತ ಎದ್ದು ನಿಂತಿದ್ನಿ, ಅಷ್ಟರಾಗ ಆ ಕಡಿಂದ ಸಣ್ಣಗ, ನಾಚಿಕೊಂಡು, "ಹವುಸ" ಅಂತ ಬಂತು.

ನಾ ಅಲ್ಲೇ ಕುಕ್ಕರಗಾಲಿಲೆ ಕುಂತ್ನಿ. ಅವ್ವ ದಿನಾ ಕರೆಂಟ್ ಇದ್ದಷ್ಟೂ ಹೊತ್ತು ಹಿಂಗ ನನ್ನ ದನಿ ಕಾಯತಿದ್ಲು.