ಗಿರಣಿಯ ಬಾಗಿಲಲ್ಲಿ ಕರೀಮಾಬಿ

ಹುಬ್ಬಳ್ಳಿಯ ಆ ಹತ್ತಿ ಗಿರಣಿಯಲ್ಲಿ ಕರೀಮಾಬಿಯನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಎಂಟು ವರ್ಷ ಅವಳು ಒಳಗಿನ ಚಪ್ಪರದಲ್ಲಿ ಕುಳಿತು, ಯಂತ್ರದಿಂದ ಬಂದ ಅರಳೆಯಲ್ಲಿನ ಕಲೆಯ ಎಳೆಗಳನ್ನು ಆರಿಸಿದವಳು. ಕಲೆ ಎಲ್ಲಿಂದ ಬರುತ್ತದೆಂದು ಅವಳಿಗೆ ಗೊತ್ತಿತ್ತು. ತೂಕ ಹೆಚ್ಚಲೆಂದು ವ್ಯಾಪಾರಿಗಳು ಹತ್ತಿಗೆ ನೀರು ಚಿಮುಕಿಸಿ ತರುತ್ತಿದ್ದರು. ಹಸಿ ಹತ್ತಿ ಯಂತ್ರಕ್ಕೆ ಸಿಕ್ಕರೆ ಮೆತ್ತಗಾದ ಕಾಳು ಜಜ್ಜಿಹೋಗಿ ಅರಳೆಗೆ ಎಣ್ಣೆ ಹತ್ತುತ್ತಿತ್ತು. ೧೯೩೬ರಲ್ಲಿ ಕಲೆಯಿದೆಯೆಂದು ಮುಂಬಯಿಯಿಂದ ಸರಕು ತಿರುಗಿ ಬಂದಾಗ, ಹಸಿ ಹತ್ತಿಯನ್ನು ಬಾಗಿಲಲ್ಲೇ ತಡೆಯಬಹುದೆಂದು ವ್ಯವಸ್ಥಾಪಕ ಏಕನಾಥರಾಯರಿಗೆ ಹೇಳಿದಳು. ಅವರು ಅವಳನ್ನೇ ಬಾಗಿಲಿಗೆ ಕೂರಿಸಿದರು. ಒಂದು ಹಸಿ ಚೀಲ ಒಳಗೆ ಬಂದರೂ ಅವಳ ಕೆಲಸ ಹೋಯಿತೆಂದೂ ಹೇಳಿದರು.

ಚೀಲದೊಳಗೆ ಭುಜದವರೆಗೆ ಕೈ ಹಾಕಿ ತಳದ ಹತ್ತಿಯಿಂದ ನಾಲ್ಕು ಕಾಳು ಬಿಡಿಸಿ ಕಚ್ಚುವಳು. ಚಟ್ಟನೆ ಒಡೆದರೆ ಒಣಗಿದ್ದು. ಚಪ್ಪಟೆಯಾದರೆ ಗಾಡಿ ಹಿಂದಕ್ಕೆ.

ಅಮ್ಮಿನಬಾವಿಯ ವ್ಯಾಪಾರಿ ಬಸಣ್ಣನ ಆರು ಗಾಡಿಗಳನ್ನು ಹಾಗೆ ಕಳಿಸಿದಾಗ ಅವನು ಎಲ್ಲರೆದುರು ಕೇಳಿದ: "ನಮ್ಮ ಎಮ್ಮಿನೂ ಹತ್ತಿಕಾಳು ತಿಂತೈತಿ. ತಂದು ಬಾಗಲದಾಗ ಕಟ್ಲ್ಯಾ?"

"ಎಮ್ಮಿಗಿ ನೆನಸಿದ್ದು ಬೇಕು. ಯಂತ್ರಕ್ಕ ಒಣಗಿದ್ದು ಬೇಕ್ರಿ," ಎಂದಳು ಕರೀಮಾಬಿ.

ಎರಡು ತಿಂಗಳಲ್ಲಿ ಕಲೆ ಕಡಿಮೆಯಾಯಿತು. ಆರಿಸುವ ಎಂಟು ಹೆಂಗಸರಲ್ಲಿ ಐವರನ್ನು ಬಿಡಿಸಿದರು. ಅವರಲ್ಲಿ ಕರೀಮಾಬಿಯ ನಾದಿನಿ ನೂರಜಹಾನಳೂ ಒಬ್ಬಳು. ಮನೆಯಲ್ಲಿ ಉರ್ದು ಆಡುವವಳು ಅಂದು ಬಾಗಿಲಿಗೆ ಬಂದು, ಗಾಡಿಯವರಿಗೂ ತಿಳಿಯಲೆಂದು ಕನ್ನಡದಲ್ಲೇ ಮಾತಾಡಿದಳು.

"ಭಾಬಿ, ದಿನಾ ಹತ್ತು ಚೀಲ ಹಸೀದು ಬಿಡು. ನಾವು ಆರಿಸ್ತೇವಿ, ಉಣ್ತೇವಿ. ನಿನ್ನ ಗಂಟೇನು ಹೋಗತೈತಿ?"

ಕರೀಮಾಬಿ ಒಪ್ಪಲಿಲ್ಲ. ಬಾಗಿಲ ಹೊರಗಿನ ಅಂಗಳದಲ್ಲಿ, ತಾನು ತಡೆದ ಹತ್ತಿ ಒಣಗಿಸುವ ಕೆಲಸ ಕೊಡಿಸುತ್ತೇನೆಂದಳು. ನಿನ್ನ ಕೈಕೆಳಗೆ ದುಡಿಯುವುದಕ್ಕಿಂತ ತಿರಿದು ತಿನ್ನುವುದು ಲೇಸೆಂದು ಉಗುಳಿ ನೂರಜಹಾನ ಹೊರಟುಹೋದಳು.

ಈ ಸುದ್ದಿ ತಿಳಿದ ಬಸಣ್ಣ, ಕರೀಮಾಬಿಯ ಸೊಕ್ಕು ಮುರಿಯಬೇಕೆಂದೇ ನೂರಜಹಾನಳನ್ನು ಅಮ್ಮಿನಬಾವಿಗೆ ಕರೆದೊಯ್ದ. ಕರೀಮಾಬಿಗೆ ಒಂದೂ ಹಸಿ ಕಾಳು ಸಿಗದಂತೆ, ತುಂಬುವ ಮೊದಲೇ ಪ್ರತಿ ಚೀಲದ ಹತ್ತಿ ಅವಳು ಕಾಳು ಕಚ್ಚಿ ನೋಡಬೇಕು. ಹದಿನೈದು ದಿನಕ್ಕೆ ಅವನ ಗಾಡಿಗಳು ಬಂದವು. ಮುಂದಿನ ಗಾಡಿಯ ಮೇಲೆ ನೂರಜಹಾನ ಬೀಗುತ್ತ ಕುಳಿತಿದ್ದಳು. ಕರೀಮಾಬಿ ಒಂದು ಚೀಲವನ್ನೂ ಬಿಡದೆ ಎರಡೆರಡು ಸಲ ನೋಡಿದಳು. ತಪ್ಪು ಸಿಗಲಿಲ್ಲ.

ಇಂಥವಳನ್ನು ಬಾಗಿಲಿಗೇ ತರೋಣವೇ ಎಂದು ಏಕನಾಥರಾಯರು ಕೇಳಿದರು.

"ಬ್ಯಾಡ್ರಿ. ಅಕಿ ಅಲ್ಲೇ ಇರ್ಲಿ," ಎಂದಳು ಕರೀಮಾಬಿ. "ಅಲ್ಲೇ ತಡದ್ರ ಇಲ್ಲಿ ನನಗೂ ಕೆಲಸ ಕಡಿಮಿ."

ಆ ವರ್ಷದ ರಮಜಾನ್ ಹಬ್ಬಕ್ಕೆ ಅತ್ತಿಗೆ ನಾದಿನಿಯರಲ್ಲಿ ಒಬ್ಬರ ಮನೆಯ ಶಾವಿಗೆ ಸುರಕುಂಬಾ ಇನ್ನೊಬ್ಬರ ಮನೆಗೆ ಹೋಗಲಿಲ್ಲ.